ಊಟದ ಬೆಲ್ಲು ನಿಂತ ವರ್ಷ

2021ರ ನವೆಂಬರ್‌ನಲ್ಲಿ ನಮ್ಮ ಮನೆಗೆ ಒಂದು ಲಕೋಟೆ ಬಂತು. ನಾವಿರುವುದು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ. ಮಗ ಆಗ ಇಯರ್ ಸಿಕ್ಸ್, ಅಂದರೆ ಪ್ರೈಮರಿ ಶಾಲೆಯ ಕೊನೆಯ ವರ್ಷ. ಹಿಂದಿನ ತಿಂಗಳು ಶಾಲೆಗೆ ನರ್ಸ್ ಬಂದು ಎಲ್ಲ ಮಕ್ಕಳ ಎತ್ತರ, ತೂಕ ಅಳೆದುಕೊಂಡು ಹೋಗಿದ್ದರು. ಇಲ್ಲಿ ಇದು ಮಾಮೂಲು. ಮಗು ಶಾಲೆಗೆ ಸೇರಿದ ವರ್ಷ ಒಂದು ಸಲ, ಹತ್ತು-ಹನ್ನೊಂದರ ವಯಸ್ಸಿನಲ್ಲಿ ಇನ್ನೊಂದು ಸಲ. ಲಕೋಟೆಯನ್ನು ಭದ್ರವಾಗಿ ಅಂಟಿಸಿದ್ದರು. ಒಳಗೆ ನಾಲ್ಕಾರು ಸಾಲು. ಅದರಲ್ಲಿ ಒಂದು ಪದ ಮಾತ್ರ ಕಣ್ಣಿಗೆ ಬಿತ್ತು: ಓವರ್‌ವೇಟ್, ಅಂದರೆ ತೂಕ ಜಾಸ್ತಿ.

ಈ ಪತ್ರಗಳಲ್ಲಿ ಒಬೀಸ್, ಅಂದರೆ ಬೊಜ್ಜು, ಅಂತ ಬರೆಯುವುದಿಲ್ಲ. ಅಷ್ಟು ದಪ್ಪ ಇದ್ದರೆ ‘ವೆರಿ ಓವರ್‌ವೇಟ್’ ಅನ್ನುತ್ತಾರೆ. ನಮ್ಮದು ‘ವೆರಿ’ ಇಲ್ಲದ್ದು. ನಾನು ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಹೆಂಡತಿ ಮಾಡಿಕೊಳ್ಳಲಿಲ್ಲ.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ವಿಷಯ ಕೇಳಿ ಮೊದಲು ನಕ್ಕಳು. "ಮಗು ಮೈ ತುಂಬಿಕೊಂಡಿದೆ ಅಂತ ಅಲ್ಲಿ ಗೌರ್ಮೆಂಟಿನವರು ಕಾಗದ ಬರೀತಾರಾ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ನಮ್ಮ ಚಿಕ್ಕ ಮಕ್ಕಳು ಒಂದೂವರೆ ವರ್ಷ ಆದಮೇಲೆ ಹೋದ ತಿಂಗಳು ಸ್ಕೂಲಿಗೆ ಬಂದರು ಕಣೋ. ಇಬ್ಬರು ಮೂವರದ್ದು ಪಕ್ಕೆ ಎಲುಬು ಎಣಿಸಬಹುದು."

ಅದೇ ಕೊರೋನಾ ರೋಗ, ಅದೇ ಶಾಲೆ ಬಾಗಿಲು ಹಾಕಿದ್ದು. ಇಲ್ಲಿ ಮಗು ಉಬ್ಬಿತು, ಅಲ್ಲಿ ಒಣಗಿತು. ಇದು ಆಗಿನಿಂದಲೂ ನನ್ನ ತಲೆಯಲ್ಲಿ ಕೂತಿದೆ.

ಮೊದಲು ನನ್ನ ತಪ್ಪೊಪ್ಪಿಗೆ. 2020ರ ಮಾರ್ಚ್ 20, ಶುಕ್ರವಾರ, ಇಲ್ಲಿ ಶಾಲೆಗಳು ಮುಚ್ಚಿದವು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಆ ದಿನಗಳಲ್ಲಿ ಹಗಲು ರಾತ್ರಿ ಡ್ಯೂಟಿ. ನಾನು ಕಂಪ್ಯೂಟರ್ ಮುಂದೆ ಮನೆಯಲ್ಲೇ. ಅಡುಗೆ, ಪಾಠ, ಮಗ, ಎಲ್ಲ ನನ್ನ ಪಾಲಿಗೆ. ಎಂಟು ವರ್ಷದ ಹುಡುಗನನ್ನು ಒಂದು ಗಂಟೆ ಸುಮ್ಮನೆ ಕೂರಿಸುವುದು ಹೇಗೆ? ನಾನು ಕಂಡುಕೊಂಡ ದಾರಿ ಕ್ರಿಸ್ಪ್ಸ್ (ಆಲೂಗಡ್ಡೆ ಚಿಪ್ಸ್‌ಗೆ ಇಲ್ಲಿಯ ಹೆಸರು) ಪೊಟ್ಟಣ. ಒಂದು ಮೀಟಿಂಗಿಗೆ ಒಂದು ಪೊಟ್ಟಣ. ಮೀಟಿಂಗ್ ಜಾಸ್ತಿಯಾದ ಹಾಗೆ ಪೊಟ್ಟಣವೂ ಜಾಸ್ತಿ. ಬಾಸ್ ಮಾತು ಉದ್ದ ಮಾಡಿದ ದಿನ ಬಿಸ್ಕತ್ತೂ ಸೇರುತ್ತಿತ್ತು.

ಅಂಗಡಿಯಲ್ಲಿ ಆಗ ಗೋಧಿ ಹಿಟ್ಟಿಗೆ ಪರದಾಟ. ನಮ್ಮ ಬೀದಿಯ ಅಂಗಡಿಯಲ್ಲಿ ಹತ್ತು ಕೆ.ಜಿ. ಆಟಾ ಚೀಲಕ್ಕೆ ಬೆಲೆ ಏರಿಸಿದ್ದರು, ಅದೂ ಮನೆಗೆ ಒಂದೇ. ದೇಶದಲ್ಲಿ ಹಿಟ್ಟೇ ಇರಲಿಲ್ಲ ಅಂತಲ್ಲ. ಬ್ರಿಟನ್ನಿನ ಹಿಟ್ಟಿನಲ್ಲಿ ಅಂಗಡಿಯ ಸಣ್ಣ ಪೊಟ್ಟಣಕ್ಕೆ ಹೋಗುವುದು ಸುಮಾರು ಶೇ. 4 ಮಾತ್ರ. ಉಳಿದದ್ದೆಲ್ಲ ದೊಡ್ಡ ದೊಡ್ಡ ಚೀಲಗಳಲ್ಲಿ ಬೇಕರಿಗೆ, ಕಾರ್ಖಾನೆಗೆ ಹೋಗುತ್ತದೆ. ಇಡೀ ದೇಶ ಮನೆಯಲ್ಲಿ ಕೂತು ಬ್ರೆಡ್ಡು ಮಾಡಲು ಹೊರಟಾಗ ಗಿರಣಿಯಲ್ಲಿ ಹಿಟ್ಟು ರಾಶಿ ಬಿದ್ದಿತ್ತು. ಸಣ್ಣ ಪೊಟ್ಟಣ ತುಂಬಿಸುವ ಸಾಲುಗಳು ಮಾತ್ರ ಸಾಲಲಿಲ್ಲ. ಆದರೆ ಕ್ರಿಸ್ಪ್ಸ್ ಇಡುವ ಸಾಲು ಖಾಲಿಯಾದದ್ದನ್ನು ನಾನಂತೂ ಒಂದು ದಿನವೂ ನೋಡಲಿಲ್ಲ.

ಶಾಲೆ ಇದ್ದಾಗ ಅವನ ಹೊಟ್ಟೆಗೆ ಒಂದು ಗಡಿಯಾರ ಇತ್ತು. ಹನ್ನೆರಡು ಕಾಲಿಗೆ ಬೆಲ್ಲು. ಡಿನ್ನರ್ ಲೇಡಿ ಬಡಿಸಿದಷ್ಟು ಊಟ. (ಇಲ್ಲಿ ಶಾಲೆಯ ಮಧ್ಯಾಹ್ನದ ಊಟಕ್ಕೂ ಡಿನ್ನರ್ ಅಂತಲೇ ಹೆಸರು. ನನಗೆ ಅಭ್ಯಾಸವಾಗಲು ಎರಡು ವರ್ಷ ಬೇಕಾಯಿತು.) ಊಟ ಮುಗಿದ ಮೇಲೆ ಅಂಗಳದಲ್ಲಿ ಓಡಾಟ. ಮೂರು ಕಾಲಿಗೆ ಮನೆಗೆ ನಡಿಗೆ. ನಡುವೆ ತಿನ್ನಬೇಕೆಂದರೂ ಏನೂ ಸಿಗುತ್ತಿರಲಿಲ್ಲ. ಮನೆಯಲ್ಲಿ ಅಡುಗೆಮನೆ ಮೂರು ಹೆಜ್ಜೆ ದೂರ. ಬೇಜಾರಾದರೆ ಫ್ರಿಜ್ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಹಸಿವು ಯಾವುದು, ಬೇಸರ ಯಾವುದು ಅಂತ ಅವನಿಗೂ ಗೊತ್ತಾಗುತ್ತಿರಲಿಲ್ಲ, ನನಗೂ ಗೊತ್ತಾಗುತ್ತಿರಲಿಲ್ಲ.

ಇದು ನಮ್ಮನೆಯ ಕಥೆ ಮಾತ್ರ ಆಗಿರಲಿಲ್ಲ. ಇಟಲಿಯ ವೆರೋನಾದಲ್ಲಿ ಆಗಲೇ ತೂಕ ಜಾಸ್ತಿ ಇದ್ದ 41 ಮಕ್ಕಳನ್ನು ಲಾಕ್‌ಡೌನ್ ಶುರುವಾದ ಮೂರನೇ ವಾರದಲ್ಲಿ ವಿಚಾರಿಸಿದರು. ತರಕಾರಿ ತಿನ್ನುವುದು ಕಮ್ಮಿಯಾಗಿರಲಿಲ್ಲ. ಅದು ಮೊದಲಿನಷ್ಟೇ ಇತ್ತು. ಅದರ ಮೇಲೆ ಆಲೂಗಡ್ಡೆ ಚಿಪ್ಸ್, ಮಾಂಸ, ಸಿಹಿ ಪಾನೀಯ ಸೇರಿಕೊಂಡಿದ್ದವು. ಆಟ ವಾರಕ್ಕೆ ಎರಡು ಗಂಟೆಗಿಂತ ಜಾಸ್ತಿ ಇಳಿದಿತ್ತು. ಪರದೆ ನೋಡುವುದು ದಿನಕ್ಕೆ ಸುಮಾರು ಐದು ಗಂಟೆ ಏರಿತ್ತು. ಇದನ್ನು ಓದಿದಾಗ ಯಾರೋ ನಮ್ಮ ನಡುಮನೆಯಲ್ಲಿ ಕ್ಯಾಮೆರಾ ಇಟ್ಟಿದ್ದಾರೇನೋ ಅನಿಸಿತು.

ಇಲ್ಲಿಯ ಕನ್ನಡಿಗರಲ್ಲಿ ಒಂದು ಹಮ್ಮು ಇದೆ. ಇಂಗ್ಲಿಷರು ತಿನ್ನುವುದೆಲ್ಲ ಹಾಳುಮೂಳು, ನಮ್ಮದು ಸಾತ್ವಿಕ ಊಟ ಅಂತ. ಆ ಏಪ್ರಿಲ್‌ನಲ್ಲಿ ನಮ್ಮ ಕನ್ನಡದ ವಾಟ್ಸಾಪ್ ಗುಂಪಿಗೆ ಬಂದ ಫೋಟೋಗಳು ನನಗೆ ಚೆನ್ನಾಗಿ ನೆನಪಿವೆ. ಮೈಸೂರು ಪಾಕು, ಜಿಲೇಬಿ, ಮನೆಯಲ್ಲೇ ಮಾಡಿದ ಪಾನಿಪುರಿ, ಮಸಾಲೆ ವಡೆ. ಇವತ್ತು ಒಬ್ಬರು ಹಾಕಿದರೆ ನಾಳೆ ಇನ್ನೊಬ್ಬರಿಗೆ ಹುರುಪು. ಅದರ ಜೊತೆಗೆ ಇಮ್ಯುನಿಟಿ ಭೂತ. ಮೈಸೂರಿನಿಂದ ಅಮ್ಮ ದಿನಾ ವಿಡಿಯೋ ಕಾಲಿನಲ್ಲಿ ಕೇಳುವರು: "ಬಾದಾಮಿ ಹಾಲು ಕೊಟ್ಟೆಯಾ? ಅರಿಶಿನ ಹಾಕಿದೆಯಾ?" ಅರಿಶಿನ ಕಹಿ ಅಂತ ಹುಡುಗ ಕುಡಿಯುತ್ತಿರಲಿಲ್ಲ. ಅದಕ್ಕೆ ಎರಡು ಚಮಚ ಬೆಲ್ಲ. ಜೊತೆಗೆ ತುಪ್ಪದ ಡ್ರೈಫ್ರೂಟ್ ಉಂಡೆ. ಕೊರೋನಾ ಓಡಿಸಲು ನಾವು ಮಾಡಿದ ಮದ್ದಿನಲ್ಲಿ ಅರ್ಧಕ್ಕರ್ಧ ಸಕ್ಕರೆ.

ಬೆಂಗಳೂರಿನಲ್ಲಿ ತಮ್ಮನ ಮಗಳದ್ದೂ ಇದೇ ಪಾಡು. ಅಪಾರ್ಟ್‌ಮೆಂಟಿನ ಆಟದ ಜಾಗಕ್ಕೆ ಟೇಪು ಸುತ್ತಿದ್ದರು. ಆನ್‌ಲೈನ್ ಕ್ಲಾಸು, ಆನ್‌ಲೈನ್ ಊಟ. ಹಾಗಾಗಿ ಇಂಗ್ಲೆಂಡ್ ದಪ್ಪ, ಕರ್ನಾಟಕ ತೆಳ್ಳಗೆ ಅಂತ ಗೆರೆ ಎಳೆಯಲು ಬರುವುದಿಲ್ಲ. ಹುಣಸೂರಿಗೂ ಬೆಂಗಳೂರಿಗೂ ಇರುವ ದೂರ, ಬೆಂಗಳೂರಿಗೂ ಲೆಸ್ಟರಿಗೂ ಇರುವ ದೂರಕ್ಕಿಂತ ದೊಡ್ಡದು ಅನ್ನಿಸುತ್ತದೆ ಕೆಲವು ಸಲ.

ಲೆಸ್ಟರಿನ ಕಥೆಗೆ ಇನ್ನೊಂದು ಸುತ್ತು ಇದೆ. ದೇಶವೆಲ್ಲ ಬಾಗಿಲು ತೆರೆಯುವ ಹೊತ್ತಿಗೆ, 2020ರ ಜೂನ್ 29ರಂದು, ನಮ್ಮೂರನ್ನು ಮಾತ್ರ ಮತ್ತೆ ಮುಚ್ಚಿದರು. ಇಂಗ್ಲೆಂಡಿನಲ್ಲಿ ಒಂದೇ ಊರಿಗೆ ಅಂತ ಹೀಗೆ ಲಾಕ್‌ಡೌನ್ ಹಾಕಿದ್ದು ಅದೇ ಮೊದಲು. ಜುಲೈ 27ರಂದು ಪ್ರಧಾನಿ ಬೋರಿಸ್ ಜಾನ್ಸನ್ ಬೊಜ್ಜಿನ ವಿರುದ್ಧ ದೊಡ್ಡ ಯೋಜನೆ ಪ್ರಕಟಿಸಿದರು. ಏಪ್ರಿಲ್‌ನಲ್ಲಿ ಅವರೇ ಕೊರೋನಾ ಬಂದು ಐಸಿಯು ಸೇರಿದ್ದರಲ್ಲ. ತನ್ನ ತೂಕ ಜಾಸ್ತಿ ಇತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಂಡರು. ಅದು ನನಗೆ ಹಿಡಿಸಿತು. ಸರಿಯಾಗಿ ಒಂದು ವಾರಕ್ಕೆ, ಆಗಸ್ಟ್ 3ರಿಂದ, ಅದೇ ಸರ್ಕಾರ ಹೋಟೆಲಿಗೆ ಹೋಗಿ ತಿನ್ನಿ ಅಂತ ಇನ್ನೊಂದು ಯೋಜನೆ ತಂದಿತು. ಸೋಮವಾರದಿಂದ ಬುಧವಾರದ ತನಕ ಅರ್ಧ ಬೆಲೆ. ತಲೆಗೆ ಹತ್ತು ಪೌಂಡ್ ತನಕ ಸರ್ಕಾರದ ಲೆಕ್ಕ. ಬರ್ಗರಿಗೂ ಉಂಟು, ಪಿಜ್ಜಾಕ್ಕೂ ಉಂಟು, ಜೊತೆಗೆ ಕುಡಿಯುವ ಸಿಹಿ ನೀರಿಗೂ ಉಂಟು. ಒಂದು ತಿಂಗಳಿಗೆ 84.9 ಕೋಟಿ ಪೌಂಡ್ ಖರ್ಚು.

ಲೆಸ್ಟರಿನಲ್ಲಿ ಹೋಟೆಲುಗಳು ತೆರೆದದ್ದೂ ಅದೇ ಆಗಸ್ಟ್ 3ರಂದು. ಈಜುಕೊಳ, ಜಿಮ್ಮು ಮಾತ್ರ ಮುಚ್ಚಿಯೇ ಇದ್ದವು. ಮಗ ಪ್ರತಿ ಶನಿವಾರ ಈಜಲು ಹೋಗುತ್ತಿದ್ದವನು. ಆ ತಿಂಗಳು ನಮ್ಮೂರಿನ ಹುಡುಗನಿಗೆ ಅರ್ಧ ಬೆಲೆಗೆ ಬರ್ಗರ್ ಸಿಗುತ್ತಿತ್ತು, ಪೂರ್ತಿ ಬೆಲೆ ಕೊಟ್ಟರೂ ಈಜು ಸಿಗುತ್ತಿರಲಿಲ್ಲ. ನಾವೂ ಹೋಗಿ ತಿಂದೆವು ಬಿಡಿ. ಸುಮ್ನೆ ಸರ್ಕಾರವನ್ನು ಬೈದರೆ ಆಗುವುದಿಲ್ಲ.

ಜುಲೈನ ಆ ಯೋಜನೆಯಲ್ಲಿ ‘ಒಂದು ಕೊಂಡರೆ ಒಂದು ಉಚಿತ’ ಅಂತ ಕುರುಕಲು ಮಾರುವುದನ್ನು ನಿಲ್ಲಿಸುವ ಮಾತೂ ಇತ್ತು. 2022ಕ್ಕೆ ಅಂದರು. ಮುಂದೂಡಿದರು. ಮತ್ತೆ ಮುಂದೂಡಿದರು. ಕೊನೆಗೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಅರ್ಧ ಬೆಲೆಯ ಬರ್ಗರಿಗೆ ಒಂದು ತಿಂಗಳು ಸಾಕಾಗಿತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ. ಇಂಗ್ಲೆಂಡಿನಲ್ಲಿ ವರ್ಷಾ ವರ್ಷಾ ಅಳೆಯುತ್ತಾರೆ ಅಂದೆನಲ್ಲ, ಹಾಗಾಗಿ ಲೆಕ್ಕ ಸಿಗುತ್ತದೆ. ಶಾಲೆಗೆ ಹೊಸದಾಗಿ ಸೇರಿದ ನಾಲ್ಕೈದು ವರ್ಷದ ಮಕ್ಕಳಲ್ಲಿ ಬೊಜ್ಜು ಇದ್ದವರು 2019-20ರಲ್ಲಿ ಶೇ. 9.9. ಮುಂದಿನ ವರ್ಷ ಶೇ. 14.4. ಹತ್ತು-ಹನ್ನೊಂದರ ಮಕ್ಕಳಲ್ಲಿ ಶೇ. 21ರಿಂದ ಶೇ. 25.5ಕ್ಕೆ ಏರಿತು. ಒಂದೇ ವರ್ಷದಲ್ಲಿ ಇಷ್ಟು ಏರಿದ್ದು ಈ ಅಳತೆ ಶುರುವಾದ ಮೇಲೆ ಎಂದೂ ಇರಲಿಲ್ಲ. ಇನ್ನೊಂದು ಲೆಕ್ಕ ನನ್ನನ್ನು ಹೆಚ್ಚು ಕಾಡಿದ್ದು. ದೊಡ್ಡ ಮಕ್ಕಳಲ್ಲಿ, ತೀರ ಬಡ ಬೀದಿಗಳಲ್ಲಿ ಶೇ. 33.8 ಮಂದಿಗೆ ಬೊಜ್ಜು. ಅನುಕೂಲಸ್ಥರ ಬೀದಿಗಳಲ್ಲಿ ಶೇ. 14.3.

ನಮ್ಮ ಊರಿನ ಕಣ್ಣಿಗೆ ಇದು ವಿಚಿತ್ರ. ನಮ್ಮಲ್ಲಿ ಹೊಟ್ಟೆ ಬಂದವನು ಸಾಹುಕಾರ. ‘ಮೈಕೈ ತುಂಬಿಕೊಂಡಿದ್ದಾನೆ’ ಅಂದರೆ ಹೊಗಳಿಕೆ, ‘ಬಡವಾಗಿದ್ದಾನೆ’ ಅಂದರೆ ತೆಳ್ಳಗಾಗಿದ್ದಾನೆ ಅಂತ. ಭಾಷೆಯೇ ಹಾಗಿದೆ. ಇಲ್ಲಿ ಬಡವಾದರೆ ದಪ್ಪ. ಇದು ಯಾಕೆ ಅಂತ ನನಗೆ ಅರ್ಥವಾದದ್ದು ಪುಸ್ತಕ ಓದಿ ಅಲ್ಲ, ಪೆಟ್ಟಿಗೆ ತುಂಬಿಸಿ.

2020ರ ಚಳಿಗಾಲದಲ್ಲಿ ನಾನು ವಾರಕ್ಕೊಂದು ಸಂಜೆ ಫುಡ್ ಬ್ಯಾಂಕಿಗೆ ಹೋಗುತ್ತಿದ್ದೆ. ಕಷ್ಟದಲ್ಲಿ ಇರುವವರಿಗೆ ದಿನಸಿ ಪೆಟ್ಟಿಗೆ ಕೊಡುವ ಜಾಗ. ದೇಶದಲ್ಲಿ ಇಂಥವು ಸಾವಿರಾರು ಇವೆ. ಟ್ರಸೆಲ್ ಟ್ರಸ್ಟ್ ಅನ್ನುವ ಒಂದೇ ಸಂಸ್ಥೆಯ ಜಾಲ 2020-21ರಲ್ಲಿ 25 ಲಕ್ಷ ಪೆಟ್ಟಿಗೆ ಕೊಟ್ಟಿತು. ನಾವು ತುಂಬಿಸುತ್ತಿದ್ದದ್ದು ಏನು? ಪಾಸ್ತಾ, ಡಬ್ಬಿ ಬೀನ್ಸು, ಡಬ್ಬಿ ಸೂಪು, ಬಿಸ್ಕತ್ತು, ತಿಂಗಳುಗಟ್ಟಲೆ ಕೆಡದ ಹಾಲು, ಸ್ಕ್ವಾಷ್ ಬಾಟಲಿ. ಸೊಪ್ಪು, ತರಕಾರಿ ಇಡಲು ಆಗುವುದಿಲ್ಲ, ಕೊಳೆಯುತ್ತದೆ. ಬಂದವರಲ್ಲಿ ಕೆಲವರು ಮೆಲ್ಲಗೆ ಕೇಳುವರು: ಬೇಯಿಸದೆ ತಿನ್ನುವಂಥದ್ದು ಇದೆಯಾ? ಮನೆಯಲ್ಲಿ ಗ್ಯಾಸ್ ಮೀಟರಿಗೆ ಮೊದಲೇ ದುಡ್ಡು ತುಂಬಬೇಕು. ದುಡ್ಡು ಇಲ್ಲದಿದ್ದರೆ ಒಲೆ ಉರಿಯುವುದಿಲ್ಲ. ಅಂಥವರಿಗೆ ಬಿಸಿನೀರು ಸುರಿದರೆ ಸಾಕು ಅನ್ನುವಂಥ ಪೆಟ್ಟಿಗೆಯೇ ಬೇರೆ ಕಟ್ಟುತ್ತಿದ್ದೆವು. ಬೇಳೆ ತಂದು ಬೇಯಿಸಿ ತಿನ್ನಿ ಅಂತ ಬುದ್ಧಿ ಹೇಳುವವರು ಒಂದು ಸಲ ಆ ಸಾಲಿನಲ್ಲಿ ನಿಲ್ಲಬೇಕು.

ಒಂದು ಸಂಜೆ ಒಬ್ಬ ಹುಡುಗ ಪೆಟ್ಟಿಗೆ ತೆಗೆದುಕೊಂಡು ನನ್ನ ಮುಖ ನೋಡಿ, ಇಂಗ್ಲಿಷಿನಲ್ಲಿ, ಅಕ್ಕಿ ಇದೆಯಾ ಅಂತ ಕೇಳಿದ. ಆ ಮಾತಿನ ಧಾಟಿ ಕೇಳಿ ನಾನು "ಎಲ್ಲಿಯವರು?" ಅಂದೆ, ಕನ್ನಡದಲ್ಲೇ. ದಾವಣಗೆರೆ ಕಡೆಯವನು. ಓದಲು ಬಂದವನು. ಹೋಟೆಲಿನ ಪಾರ್ಟ್‌ಟೈಮ್ ಕೆಲಸ ಹೋಗಿತ್ತು. "ಅಣ್ಣಾ, ಪಾಸ್ತಾ ತಿಂದು ತಿಂದು ಸಾಕಾಗಿದೆ" ಅಂದ. ಅಕ್ಕಿ ಆವತ್ತು ಇರಲಿಲ್ಲ. ಮಾರನೇ ವಾರ ಮನೆಯಿಂದ ಐದು ಕೆ.ಜಿ. ಸೋನಾ ಮಸೂರಿ ಒಯ್ದೆ. ಅವನು ಬರಲಿಲ್ಲ.

ಅವನ ವೀಸಾದಲ್ಲಿ, ಮೊದಮೊದಲು ನಮ್ಮ ವೀಸಾದಲ್ಲೂ, ಒಂದು ಸಾಲು ಇರುತ್ತದೆ: ಸರ್ಕಾರದ ದುಡ್ಡಿನ ಮೇಲೆ ಹಕ್ಕಿಲ್ಲ. ಅಂಥ ಮನೆಗಳ ಮಕ್ಕಳಿಗೆ ಶಾಲೆಯ ಉಚಿತ ಊಟವೂ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ತಾತ್ಕಾಲಿಕ ಅಂತ ಕೊಟ್ಟರು, 2022ರಲ್ಲಿ ಕಾಯಂ ಮಾಡಿದರು. ಕೊರೋನಾ ತಂದ ಒಳ್ಳೆಯ ಕೆಲವೇ ಸಂಗತಿಗಳಲ್ಲಿ ಇದೊಂದು.

ಉಚಿತ ಊಟದ ವಿಷಯದಲ್ಲೇ ನನಗೂ ಇಲ್ಲಿಯ ಗೆಳೆಯರಿಗೂ ಜಗಳ ಹತ್ತುವುದು. ಇಂಗ್ಲೆಂಡಿನಲ್ಲಿ 2014ರಿಂದ ಮೊದಲ ಮೂರು ತರಗತಿಯ ಎಲ್ಲ ಮಕ್ಕಳಿಗೂ ಊಟ ಉಚಿತ. ಏಳು ವರ್ಷ ದಾಟಿತೋ, ಅಪ್ಪ ಅಮ್ಮನ ಸಂಬಳ ಎಷ್ಟು ಅಂತ ಕೇಳುತ್ತಾರೆ. ಸರ್ಕಾರದ ನೆರವು ಪಡೆಯುವ ಮನೆಯಲ್ಲೂ ದುಡಿಮೆ ವರ್ಷಕ್ಕೆ 7,400 ಪೌಂಡ್ ದಾಟಿದರೆ ದುಡ್ಡು ಕಟ್ಟಬೇಕಿತ್ತು. ಕೊರೋನಾ ಕಾಲದಲ್ಲಿ ಇದ್ದದ್ದು ಇದೇ. ಶಾಲೆ ಮುಚ್ಚಿದಾಗ ಅರ್ಹ ಮಕ್ಕಳಿಗೆ ವಾರಕ್ಕೆ 15 ಪೌಂಡಿನ ವೋಚರ್ ಕೊಟ್ಟರು. ಬೇಸಿಗೆ ರಜೆಗೆ ಅದೂ ಇಲ್ಲ ಅಂದರು. ಆಗ ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಎದ್ದು ನಿಂತ. ಇಪ್ಪತ್ತೆರಡು ವರ್ಷದ ಹುಡುಗ, ಚಿಕ್ಕಂದಿನಲ್ಲಿ ತಾನೂ ಶಾಲೆಯ ಉಚಿತ ಊಟ ಉಂಡವನು. ಸಂಸತ್ ಸದಸ್ಯರಿಗೆಲ್ಲ ಬಹಿರಂಗ ಪತ್ರ ಬರೆದ. ಮಾರನೇ ದಿನ, ಜೂನ್ 16ಕ್ಕೆ, ಸರ್ಕಾರ ಮಣಿಯಿತು. ಅಕ್ಟೋಬರ್ ರಜೆಗೆ ಮತ್ತೆ ಇಲ್ಲ ಅಂತ ಸಂಸತ್ತಿನಲ್ಲಿ ಮತ ಹಾಕಿದರು. ನವೆಂಬರ್‌ನಲ್ಲಿ ಮತ್ತೆ ಮಣಿದರು. ಮಗುವಿನ ಊಟಕ್ಕೆ ಒಬ್ಬ ಫುಟ್‌ಬಾಲ್ ಆಟಗಾರ ಎರಡೆರಡು ಸಲ ಸರ್ಕಾರದ ಜೊತೆ ಗುದ್ದಾಡಬೇಕಾಯಿತು.

2021ರ ಜನವರಿಯಲ್ಲಿ ಮತ್ತೆ ಶಾಲೆ ಮುಚ್ಚಿದಾಗ ಕೆಲವು ಕಡೆ ವೋಚರ್ ಬದಲು ದಿನಸಿ ಪೊಟ್ಟಣ ಬಂತು. ಒಬ್ಬ ತಾಯಿ ಅದನ್ನು ನೆಲದ ಮೇಲೆ ಹರಡಿ ಫೋಟೋ ತೆಗೆದು ಹಾಕಿದರು. ಒಂದು ಬ್ರೆಡ್ಡು, ಎರಡು ಆಲೂಗಡ್ಡೆ, ಎರಡು ಕ್ಯಾರೆಟ್ಟು, ಒಂದು ಡಬ್ಬಿ ಬೀನ್ಸು, ಇನ್ನೊಂದಿಷ್ಟು ಚಿಲ್ಲರೆ. ದೇಶವೇ ನಾಚಿಕೊಂಡಿತು. ಪ್ರಧಾನಿಯೂ ಇದು ಸರಿಯಿಲ್ಲ ಅಂದರು.

ಅದೇ ಹೊತ್ತಿನಲ್ಲಿ ಅಕ್ಕ ಏನು ಮಾಡುತ್ತಿದ್ದಳು? ತಿಂಗಳ ಲೆಕ್ಕದಲ್ಲಿ ಅಕ್ಕಿ, ಬೇಳೆ ತೂಗಿ ಕೊಡುತ್ತಿದ್ದಳು. ಬಿಸಿಯೂಟದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಅಂತ ಲೆಕ್ಕ. ಶಾಲೆ ಮುಚ್ಚಿದ ಮೇಲೆ ಅಷ್ಟನ್ನು ಬೇಯಿಸದೆ ಹಾಗೇ ಚೀಲಕ್ಕೆ ಹಾಕಿ ಕೊಡುವುದು. ಅಪ್ಪನೋ ಅಜ್ಜಿಯೋ ಬಂದು ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ ಒಯ್ಯುತ್ತಿದ್ದರು. ಅಕ್ಕ ಹೇಳುವಳು: "ಚೀಲದ ಮೇಲೆ ಮಗುವಿನ ಹೆಸರು ಇರುತ್ತಿತ್ತು ಕಣೋ. ಆದರೆ ಕೂಲಿ ಇಲ್ಲದ ಮನೆಯಲ್ಲಿ ಎಂಟು ಜನ ಇದ್ದರೆ, ಆ ಅಕ್ಕಿ ಎಂಟು ಜನರದ್ದು. ತಪ್ಪು ಅಂತ ಹೇಳಕ್ಕಾಗುತ್ತಾ?"

ಮಗುವಿನ ತಟ್ಟೆಯ ಪಾಲು ಮನೆಯ ಪಾತ್ರೆಗೆ ಬಿತ್ತು. ಸಾಂಬಾರಿನ ತರಕಾರಿ ಇಲ್ಲ. ಬೆಳಿಗ್ಗೆ ಬಿಸಿ ಹಾಲು ಇಲ್ಲ. ಕರ್ನಾಟಕದಲ್ಲಿ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯ ಅಂತ ಶಾಲೆಯಲ್ಲಿ ಹಾಲು ಕೊಡುತ್ತಿದ್ದದ್ದು ನಿಮಗೆ ಗೊತ್ತು. ನಲವತ್ತು ಮಕ್ಕಳ ಜೊತೆ ಪಂಕ್ತಿಯಲ್ಲಿ ಕೂತಾಗ ಹಠಮಾರಿಯೂ ನುಗ್ಗೆಸೊಪ್ಪು ತಿನ್ನುತ್ತದೆ. ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಇಲ್ಲಿ ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್‌ನಲ್ಲೇ ಎಲ್ಲರನ್ನೂ ಕರೆದಿದ್ದರು. ನಡುವೆ ಎರಡು ತಿಂಗಳು ಮತ್ತೆ ಮುಚ್ಚಿದರು, ಅಷ್ಟೇ. ನಮ್ಮ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳನ್ನು ಅಷ್ಟು ದಿನ ಹೊರಗಿಟ್ಟದ್ದು ಅನ್ಯಾಯ ಅಂತಲೇ ನನ್ನ ಅನಿಸಿಕೆ. ಮದುವೆ ಛತ್ರ ತೆರೆದಿತ್ತು, ಸಿನಿಮಾ ಟಾಕೀಸು ತೆರೆದಿತ್ತು, ಒಂದನೇ ಕ್ಲಾಸು ತೆರೆದಿರಲಿಲ್ಲ.

ಎರಡೂ ಕಡೆ ಆದದ್ದು ಒಂದೇ ತಪ್ಪು ಅಂತ ನನಗೆ ಕಾಣುತ್ತದೆ. ಮಗುವಿನ ಊಟವನ್ನು ಶಾಲೆಯಿಂದ ಬಿಡಿಸಿ ಮನೆಯ ಜೋಳಿಗೆಗೆ ಹಾಕಿದರು. ಇಲ್ಲಿ ವೋಚರ್ ರೂಪದಲ್ಲಿ, ಅಲ್ಲಿ ಅಕ್ಕಿ ರೂಪದಲ್ಲಿ. ಜೋಳಿಗೆಯ ಒಳಗೆ ಹೋದ ಮೇಲೆ ಅದು ಆ ಮನೆಯ ಕಷ್ಟದ ಪ್ರಕಾರ ನಡೆದುಕೊಳ್ಳುತ್ತದೆ. ಇಲ್ಲಿಯ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಎಣ್ಣೆ, ಸಕ್ಕರೆ, ಮೈದಾ. ಹಾಗಾಗಿ ಇಲ್ಲಿಯ ಬಡ ಮಗು ದಪ್ಪವಾಯಿತು. ಅಲ್ಲಿ ಅಗ್ಗಕ್ಕೆ ಸಿಗುವುದು ಬರೀ ಅನ್ನ. ಹಾಗಾಗಿ ಆ ಮಗು ಸೊರಗಿತು. ಅಮ್ಮಂದಿರಿಗೆ ಬುದ್ಧಿ ಇಲ್ಲ, ಅಪ್ಪಂದಿರು ಸೋಮಾರಿಗಳು ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ. (ನನ್ನ ಕ್ರಿಸ್ಪ್ಸ್ ಪೊಟ್ಟಣಕ್ಕೆ ಸ್ವಲ್ಪ ಜಾಗ ಇದೆ, ಒಪ್ಪುತ್ತೇನೆ.)

ಇದಕ್ಕೆ ನನ್ನ ಹತ್ತಿರ ಸಾಕ್ಷಿಯೂ ಇದೆ. ಶಾಲೆ ತೆರೆದ ಮರು ವರ್ಷ ಇಂಗ್ಲೆಂಡಿನ ಚಿಕ್ಕ ಮಕ್ಕಳ ಲೆಕ್ಕ ಶೇ. 14.4ರಿಂದ 10.1ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಎಲ್ಲ ಅಮ್ಮಂದಿರೂ ಒಳ್ಳೆಯವರಾಗಿಬಿಟ್ಟರೇ? ಇಲ್ಲ. ಬೆಲ್ಲು ಮತ್ತೆ ಹೊಡೆಯಿತು. ದೊಡ್ಡ ಮಕ್ಕಳ ತೂಕ ಮಾತ್ರ ಅಷ್ಟು ಸುಲಭಕ್ಕೆ ಇಳಿಯಲಿಲ್ಲ. ಆ ವರ್ಷ ಶೇ. 23.4, ಆಮೇಲೆ 22.7, ಅದರ ಮುಂದಿನ ವರ್ಷ 22.1. ಕೊರೋನಾಕ್ಕೆ ಮುಂಚಿನ 21ಕ್ಕೆ ಇನ್ನೂ ಮುಟ್ಟಿರಲಿಲ್ಲ. ಆ 23.4ರ ವರ್ಷದ ತಕ್ಕಡಿ ಹತ್ತಿದವರಲ್ಲಿ ನನ್ನ ಮಗನೂ ಇದ್ದ, ‘ವೆರಿ’ ಇಲ್ಲದ ಸಾಲಿನಲ್ಲಿ.

ತಕ್ಕಡಿಯ ಮಾತು ಬಂತಲ್ಲ. ನಮ್ಮಲ್ಲಿ ತೂಗುವುದೇ ಇಲ್ಲ ಅಂತ ನಾನು ಅಕ್ಕನ ಹತ್ತಿರ ದೊಡ್ಡದಾಗಿ ಹೇಳಿ ಬೈಸಿಕೊಂಡೆ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ತೂಗುತ್ತಾರೆ. ಶಾಲೆಗೂ ಆರೋಗ್ಯ ತಪಾಸಣೆಗೆ ಡಾಕ್ಟರು ಬರುತ್ತಾರೆ. ಆದರೆ ನಮ್ಮ ತಕ್ಕಡಿ ನೋಡುವುದು ಕೆಳಗಡೆ ಮಾತ್ರ. ಕಮ್ಮಿ ಇದೆಯಾ ಅಂತ. ಇಂಗ್ಲೆಂಡಿನ ತಕ್ಕಡಿ ನೋಡುವುದು ಮೇಲ್ಗಡೆ. ಜಾಸ್ತಿ ಇದೆಯಾ ಅಂತ. ನಮ್ಮದು ಹಾಗಿರುವುದಕ್ಕೆ ಕಾರಣ ಇದೆ. ಕೊರೋನಾ ಬರುವುದಕ್ಕೆ ಮೊದಲೇ, 2019ರಲ್ಲಿ ಮಾಡಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ತೂಕ ಜಾಸ್ತಿ ಇದ್ದವರು ಶೇ. 3.2. ಇಷ್ಟು ಸಣ್ಣ ಸಂಖ್ಯೆಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಕೆಡಿಸಿಕೊಳ್ಳಬೇಕು. ಅದನ್ನು ಹೇಳಿಕೊಟ್ಟದ್ದು ನಮ್ಮ ಮೈಸೂರೇ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ನಮ್ಮ ಕಡೆಯವರಿಗೆ ಗೊತ್ತು. ದಾಖಲೆಯಲ್ಲಿ ಅದರ ಹೆಸರು ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ. ನಮ್ಮಮ್ಮನ ತವರಿನ ಅರ್ಧ ಜನ ಹುಟ್ಟಿದ್ದು ಅಲ್ಲೇ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರೂ ಮೈಸೂರಿನವರೂ ಸೇರಿ ಆ ಹಳೇ ಪುಸ್ತಕ ಹಿಡಿದುಕೊಂಡು, ಆ ‘ಮಕ್ಕಳನ್ನು’ ಹುಡುಕಿದರು. ಅವರಿಗೆ ಆಗಲೇ ನಲವತ್ತು, ಐವತ್ತು, ಅರವತ್ತು ವಯಸ್ಸು. ಹೃದಯ ಪರೀಕ್ಷೆ ಮಾಡಿದರೆ, ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಇತ್ತು. ಪುಣೆಯಲ್ಲಿ ಸಕ್ಕರೆ ಕಾಯಿಲೆಯ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ನಮ್ಮ ಶಿಶುಗಳನ್ನು ಇಂಗ್ಲಿಷರ ಶಿಶುಗಳ ಜೊತೆ ಹೋಲಿಸಿ ನೋಡಿದರು. ನಮ್ಮವು ತೂಕದಲ್ಲಿ ಸಣ್ಣವು, ಆದರೆ ಆ ಸಣ್ಣ ಮೈಯಲ್ಲೂ ಕೊಬ್ಬು ಉಳಿಸಿಕೊಂಡಿರುತ್ತವೆ, ಮಾಂಸಖಂಡ ಕಮ್ಮಿ. ಅಂದರೆ ಇವತ್ತು ಎಲುಬು ಕಾಣುವ ಮಗು ನಾಳೆ ಕೂಲಿ ಬಿಟ್ಟು ಪೇಟೆ ಸೇರಿ, ಅಗ್ಗದ ಎಣ್ಣೆ, ಸಕ್ಕರೆ ತಿನ್ನಲು ಶುರು ಮಾಡಿದರೆ ಸಕ್ಕರೆ ಕಾಯಿಲೆ ಬೇಗ ಹಿಡಿಯುತ್ತದೆ. ಅಕ್ಕನ ಶಾಲೆಯ ಮಗುವೂ ನನ್ನ ಮಗನೂ ಬೇರೆ ಬೇರೆ ದಾರಿಯಲ್ಲಿ ಒಂದೇ ಡಾಕ್ಟರ ಬಾಗಿಲಿಗೆ ಹೋಗಬಹುದು.

ಇಂಗ್ಲೆಂಡಿನ ತಕ್ಕಡಿಗೂ ಇದೇ ಕುರುಡು. ಭಾರತದ ಕಡೆಯವರಲ್ಲಿ ಕಮ್ಮಿ ತೂಕಕ್ಕೇ ಅಪಾಯ ಶುರುವಾಗುತ್ತದೆ ಅಂತ ದೊಡ್ಡವರಿಗೆ ಇಲ್ಲಿ ಬೇರೆ ಮಿತಿ ಇಟ್ಟಿದ್ದಾರೆ. ಶಾಲೆಯ ಅಳತೆಯಲ್ಲಿ ಆ ವ್ಯತ್ಯಾಸ ಮಾಡುವುದಿಲ್ಲ. ಹೆಂಡತಿ ಆ ಲಕೋಟೆಗೆ ಸಮಾಧಾನ ಪಡದೆ ಇದ್ದದ್ದು ಇದಕ್ಕೇ. ‘ವೆರಿ’ ಇಲ್ಲ ಅಂತ ನಾನು ಖುಷಿಪಟ್ಟಾಗ ಅವಳು ಅಂದದ್ದು: "ಆ ‘ವೆರಿ’ ನಮ್ಮಂಥವರಿಗೆ ಅಂತ ಬರೆದದ್ದಲ್ಲ."

ಲಕೋಟೆಯ ಬಗ್ಗೆ ಒಂದು ಮಾತು. ಅದನ್ನು ಅಂಟಿಸಿ ಕಳಿಸಿದ್ದು ನನಗೆ ಇಷ್ಟವಾಯಿತು. ಟೀಚರಿಗೆ ಹೇಳುವುದಿಲ್ಲ, ಬೇರೆ ಮಕ್ಕಳಿಗೆ ಹೇಳುವುದಿಲ್ಲ. ನಮ್ಮ ಬೀದಿಯಲ್ಲಾದರೆ ಎದುರುಮನೆಯವರು ಗೇಟಿನಲ್ಲೇ ನಿಂತು "ಏನೋ ಡುಮ್ಮಣ್ಣ!" ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಕಡ್ಡಿಪೈಲ್ವಾನ್ ಆಗಿದ್ದೆ. ಆ ಹೆಸರು ಇನ್ನೂ ಅಂಟಿಕೊಂಡಿದೆ. ಆದರೆ ಅಂಟಿಸಿದ ಲಕೋಟೆಯಲ್ಲಿ ಒಂದು ಕೊರತೆ ಇದೆ. ಅದು ಬಂದ ಮೇಲೆ ಯಾರೂ ಬರುವುದಿಲ್ಲ. ಒಂದು ಫೋನ್ ನಂಬರು, ಒಂದು ವೆಬ್‌ಸೈಟು, ಅಷ್ಟೇ. ಅಕ್ಕನ ಊರಿನ ಅಂಗನವಾಡಿ ಟೀಚರು ಲಾಕ್‌ಡೌನಿನಲ್ಲೂ ಮನೆ ಮನೆಗೆ ದಿನಸಿ ಹೊತ್ತುಕೊಂಡು ಹೋಗಿ, ಮಗು ಹೇಗಿದೆ ಅಂತ ಎತ್ತಿ ನೋಡಿ ಬರುತ್ತಿದ್ದರಂತೆ. ಅಷ್ಟು ಕೆಲಸಕ್ಕೆ ಅವರಿಗೆ ಸಿಗುವ ಗೌರವಧನ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಇಲ್ಲಿಯ ಗೆಳೆಯರು ಕೇಳುತ್ತಾರೆ: ಉಳ್ಳವರ ಮಕ್ಕಳಿಗೂ ಯಾಕೆ ಉಚಿತ ಊಟ? ದುಡ್ಡು ದಂಡ ಅಲ್ವಾ? ಅದಕ್ಕೆ ನಾನು ವಾಟ್‌ಫರ್ಡಿನ ಅಡುಗೆಮನೆಯ ಕಥೆ ಹೇಳುತ್ತೇನೆ. 2000ದಲ್ಲಿ ಬೆಂಗಳೂರಿನ ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಊಟ ಹಾಕುವುದರಿಂದ ಶುರುವಾದದ್ದು ಅಕ್ಷಯ ಪಾತ್ರ. ಅದೇ ಸಂಸ್ಥೆ 2020ರಲ್ಲಿ ಲಂಡನ್ ಪಕ್ಕದ ವಾಟ್‌ಫರ್ಡಿನಲ್ಲಿ ಅಡುಗೆಮನೆ ತೆರೆಯಿತು. ಆ ಅಕ್ಟೋಬರ್ ರಜೆಯಲ್ಲಿ, ಸಂಸತ್ತು ಇಲ್ಲ ಅಂದ ಅದೇ ರಜೆಯಲ್ಲಿ, ಇಂಗ್ಲೆಂಡಿನ ಮಕ್ಕಳಿಗೆ ಬಿಸಿಯೂಟ ಕಳಿಸಿತು. ಈರುಳ್ಳಿ-ಬೆಳ್ಳುಳ್ಳಿ, ಮೊಟ್ಟೆ ಹಾಕುವುದಿಲ್ಲ ಅನ್ನುವ ವಿಷಯದಲ್ಲಿ ಅವರ ಜೊತೆ ನನಗೆ ತಕರಾರು ಇದೆ, ಅದು ಬೇರೆ ಮಾತು. ಬಿಸಿ ಊಟವನ್ನು ನೇರವಾಗಿ ಮಗುವಿಗೇ ಕೊಡಬೇಕು ಅನ್ನುವುದು ಗೊತ್ತಿದ್ದದ್ದು ಬೆಂಗಳೂರಿನವರಿಗೆ. ಲಂಡನ್ನಿನವರಿಗೂ ನಿಧಾನಕ್ಕೆ ತಿಳಿಯಿತು. 2023ರ ಸೆಪ್ಟೆಂಬರ್‌ನಿಂದ ಲಂಡನ್ ನಗರದ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಊಟ ಉಚಿತ. ಲೆಸ್ಟರಿಗೆ ಅದು ಬಂದಿಲ್ಲ.

2022ರ ಡಿಸೆಂಬರ್‌ನಲ್ಲಿ ಊರಿಗೆ ಹೋದೆವು. ಮಗ ಆಗ ಹೈಸ್ಕೂಲು ಸೇರಿದ್ದ. ಈಜು ಮತ್ತೆ ಶುರುವಾಗಿತ್ತು, ಎತ್ತರ ಬೆಳೆದಿದ್ದ. ಅಕ್ಕ ಒಂದು ದಿನ ಅವನನ್ನು ತನ್ನ ಶಾಲೆಗೆ ಕರೆದುಕೊಂಡು ಹೋದಳು, ನಾನೂ ಹಿಂದೆ ಹೋದೆ. ಆವತ್ತು ಮೊಟ್ಟೆಯ ದಿನ. ಆ ವರ್ಷದಿಂದ ಎಲ್ಲ ಜಿಲ್ಲೆಗಳಲ್ಲೂ ಕೊಡಲು ಶುರು ಮಾಡಿದ್ದರು. ಬೇಡ ಅನ್ನುವವರಿಗೆ ಬಾಳೆಹಣ್ಣು, ಇಲ್ಲವೇ ಚಿಕ್ಕಿ. ಬೆಲ್ಲು ಅಂದರೆ ಒಂದು ತುಂಡು ರೈಲುಕಂಬಿ, ಅದಕ್ಕೆ ಒಬ್ಬ ಹುಡುಗ ಕಬ್ಬಿಣದ ಸಲಾಕೆಯಲ್ಲಿ ಹೊಡೆದ. ಮಕ್ಕಳು ಕೈತೊಳೆದು ತಟ್ಟೆ ಹಿಡಿದು ಜಗಲಿಯ ಮೇಲೆ ಸಾಲಾಗಿ ಕೂತರು. ಅಡುಗೆಯಮ್ಮ ಇವನನ್ನೂ "ಬಾ ಮಗ, ಕೂತ್ಕೋ" ಅಂತ ಕರೆದು ಒಂದು ತಟ್ಟೆ ಕೊಟ್ಟರು. ಇವನು ಕೂರಲಿಲ್ಲ. ತಟ್ಟೆ ಹಿಡಿದುಕೊಂಡು ಗೋಡೆಯ ಮೇಲೆಲ್ಲ ಏನನ್ನೋ ಹುಡುಕಿದ. ಇಂಗ್ಲೆಂಡಿನ ಅವನ ಹೈಸ್ಕೂಲಿನಲ್ಲಿ ಊಟ ತೆಗೆದುಕೊಳ್ಳುವ ಮೊದಲು ಒಂದು ಯಂತ್ರದ ಮೇಲೆ ಬೆರಳು ಇಡಬೇಕು. ಖಾತೆಯಲ್ಲಿ ದುಡ್ಡು ಇದ್ದರೆ ದೀಪ ಹಸಿರಾಗುತ್ತದೆ, ಆಮೇಲೆ ತಟ್ಟೆ ಸಿಗುತ್ತದೆ.

ಅತ್ತೆಯ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅತ್ತೆ, ಬೆರಳು ಎಲ್ಲಿ ಇಡಬೇಕು?"